ಎಂಆರ್‌ಐಗೆ ಹೊರಟಿದ್ದೀರಾ? ಮೂಗುತಿ ಹಿಂದಿನ ದಿನವೇ ಬಿಚ್ಚಿಡಿ

ಜಿಲ್ಲಾಸ್ಪತ್ರೆಯಲ್ಲಿ ಎಂಆರ್‌ಐಗೆ ದಿನಾಂಕ ಸಿಗುವುದೇ ಕಷ್ಟ. ಸಿಕ್ಕ ದಿನವೂ ಸ್ಕ್ಯಾನ್ ಆಗದೆ ಬಸ್ಸು ಹತ್ತಿ ವಾಪಸ್ ಬಂದವರಿದ್ದಾರೆ. ಸ್ವಲ್ಪ ತಯಾರಿ ಮನೆಯಲ್ಲೇ ಆದರೆ ಈ ಪಾಡು ತಪ್ಪುತ್ತದೆ.

ಮೊದಲು ವೈದ್ಯರು ಬರೆದುಕೊಟ್ಟ ಚೀಟಿ ನೋಡಿ. ಸಿಟಿಯೋ ಎಂಆರ್‌ಐಯೋ? ಸಿಟಿಯಲ್ಲಿ ಬಳಸುವುದು ಎಕ್ಸ್‌ರೇ, ಕೆಲವೇ ನಿಮಿಷದ ಕೆಲಸ. ಗರ್ಭಿಣಿಯಾಗಿದ್ದರೆ, ಅನುಮಾನವಷ್ಟೇ ಇದ್ದರೂ, ಮೊದಲೇ ಹೇಳಿಬಿಡಿ. ಎಂಆರ್‌ಐ ಅಯಸ್ಕಾಂತದ ಯಂತ್ರ. ಸಾಮಾನ್ಯವಾಗಿ 20ರಿಂದ 45 ನಿಮಿಷ ಹಿಡಿಯುತ್ತದೆ. ಚೀಟಿಯಲ್ಲಿ ‘ಕಾಂಟ್ರಾಸ್ಟ್’ ಎಂದಿದ್ದರೆ ರಕ್ತನಾಳಕ್ಕೆ ಔಷಧ ಕೊಡುತ್ತಾರೆ. ಅದು ಹೊರಹೋಗುವುದು ಮೂತ್ರಪಿಂಡದ ಮೂಲಕ. ಹಾಗಾಗಿ ರಕ್ತದ ಕ್ರಿಯಾಟಿನಿನ್ ರಿಪೋರ್ಟ್ ಕೇಳುವುದು ವಾಡಿಕೆ. ದಿನಾಂಕ ಬರೆಸುವಾಗಲೇ ಅದನ್ನು ವಿಚಾರಿಸಿ, ಎಷ್ಟು ಹೊತ್ತು ಉಪವಾಸ ಇರಬೇಕೆಂಬುದನ್ನೂ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಆ ಮಾತನ್ನೂ ಹೇಳಿ.

ಓಪಿಡಿ ಚೀಟಿ, ಆಧಾರ್, ಹಳೆಯ ಫಿಲ್ಮುಗಳು ಚೀಲದಲ್ಲಿರಲಿ. ಬಿಪಿಎಲ್ ಕಾರ್ಡ್ ಇದ್ದರೆ ಬಿಲ್ ಹಾಕುವ ಮೊದಲೇ ತೋರಿಸಿ.

ಇನ್ನು ಒಡವೆಯ ವಿಷಯ. 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದ ಶಕ್ತಿ ಭೂಮಿಯ ಕಾಂತಕ್ಷೇತ್ರದ 30 ಸಾವಿರ ಪಟ್ಟಿನಷ್ಟು. ಒಳಗೆ ರೋಗಿ ಇಲ್ಲದಾಗಲೂ ಅದು ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಈ ಕೋಣೆಗೆ ಹೋದ ರೋಗಿಯ ಸಂಬಂಧಿಕರೊಬ್ಬರು ಪ್ರಾಣ ಕಳೆದುಕೊಂಡರು. ಜೊತೆಗೆ ಬಂದವರೂ ಮೊಬೈಲ್, ಬೀಗದ ಕೈ, ಎಟಿಎಂ ಕಾರ್ಡ್ ಹೊರಗಿಡಬೇಕಾದ್ದು ಇದಕ್ಕೇ.

‘ಚಿನ್ನವನ್ನು ಅಯಸ್ಕಾಂತ ಎಳೆಯೋದಿಲ್ವಲ್ಲ’ ಎಂದು ವಾದಿಸುವವರುಂಟು. ಚಿನ್ನವನ್ನೇನೋ ಎಳೆಯದು, ಆದರೆ ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಮೂಗುತಿಯದೇ ದೊಡ್ಡ ಫಜೀತಿ: ಅಜ್ಜಿಯರ ಮೂಗಿನಲ್ಲಿ ತಿರುಪು ವರ್ಷಗಟ್ಟಲೆ ಬಿಗಿದು ಕೂತಿರುತ್ತದೆ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಸೋಪು ಹಚ್ಚಿ ಒದ್ದಾಡುವ ಬದಲು ಹಿಂದಿನ ದಿನವೇ ಅಕ್ಕಸಾಲಿಗರ ಬಳಿ ಹೋಗಿ ಬನ್ನಿ. ತಾಳಿ ತೆಗೆಯಲು ಮನಸ್ಸೊಪ್ಪದಿದ್ದರೆ ನೂಲಿನ ದಾರಕ್ಕೆ ಅರಿಸಿನದ ಕೊಂಬು ಕಟ್ಟಿಕೊಳ್ಳಿ. ಅದಕ್ಕೆ ಯಾವ ಯಂತ್ರದ ಅಡ್ಡಿಯೂ ಇಲ್ಲ. ಕಾಲುಂಗುರ, ಬೆಳ್ಳಿಯ ಉಡುದಾರ, ತಾಯಿತ, ಸೀರೆಯ ಪಿನ್ನು, ರವಿಕೆಯ ಹುಕ್ಕು ಮರೆಯಬೇಡಿ.

ಮೈಯೊಳಗಿನ ಲೋಹ ಇನ್ನೂ ಮುಖ್ಯ. ಪೇಸ್‌ಮೇಕರ್, ಸ್ಟೆಂಟ್, ಮೂಳೆಗೆ ಹಾಕಿದ ರಾಡು, ಮಿದುಳಿನ ಕ್ಲಿಪ್, ಕಿವಿಯ ಕಾಕ್ಲಿಯರ್ ಸಾಧನ ಇದ್ದರೆ ಆಪರೇಷನ್‌ನ ಡಿಸ್‌ಚಾರ್ಜ್ ಕಾಗದ ತನ್ನಿ. ಎಲ್ಲವೂ ನಿಷಿದ್ಧವಲ್ಲ, ಕಾಗದ ನೋಡಿಯೇ ನಿರ್ಧರಿಸುತ್ತಾರೆ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರು ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಬಿದ್ದಿದ್ದರೆ ಮುಚ್ಚಿಡಬೇಡಿ.

ಒಳಗೆ ಇಕ್ಕಟ್ಟು, ಕಿವಿಗಡಚಿಕ್ಕುವ ಸದ್ದು. ಕಿವಿಗೆ ಹತ್ತಿಯೋ ಹೆಡ್‌ಫೋನೋ ಕೊಡುತ್ತಾರೆ. ಕೈಗೆ ರಬ್ಬರ್ ಬಲ್ಬ್ ಕೊಟ್ಟರೆ ಭಯವಾದಾಗ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ನಾಚಿಕೆ ಬೇಡ. ಅಲುಗಾಡಿದರೆ ಮಾತ್ರ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾಗುತ್ತದೆ.

ರಿಪೋರ್ಟ್ ಪಡೆಯುವಾಗ ಸಿ.ಡಿ.ಯನ್ನೂ ಕೇಳಿ. ಫಿಲ್ಮಿನಲ್ಲಿರುವುದು ಆಯ್ದ ಕೆಲವು ಚಿತ್ರ. ಮುಂದೆ ನಿಮ್ಹಾನ್ಸ್‌ಗೋ ಮತ್ತೊಂದು ದೊಡ್ಡಾಸ್ಪತ್ರೆಗೋ ಕಳುಹಿಸಿದರೆ ಅಲ್ಲಿನ ವೈದ್ಯರು ಪೂರ್ತಿ ಸ್ಕ್ಯಾನ್ ನೋಡುವುದು ಆ ಸಿ.ಡಿ.ಯಲ್ಲೇ.