ಜರ್ಮನಿಗೆ ಹೊರಟ ನರ್ಸ್‌ಗಳೇ, ಏಜೆಂಟ್‌ಗೆ ದುಡ್ಡು ಕಟ್ಟುವ ಮುಂಚೆ

ಮಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಓದಿ ಈಗ ಸ್ಟುಟ್‌ಗಾರ್ಟ್‌ನ ಆಸ್ಪತ್ರೆಯಲ್ಲಿದ್ದೇನೆ. ಜೂನಿಯರ್‌ಗಳ ವಾಟ್ಸಾಪ್ ಪ್ರಶ್ನೆ ಒಂದೇ: "ಅಕ್ಕಾ, ಏಜೆಂಟ್ ನಾಲ್ಕು ಲಕ್ಷ ಕೇಳ್ತಿದ್ದಾನೆ, ಕೊಡ್ಲಾ?"

ಕೊಡಬೇಡಿ. ಇಲ್ಲಿ ಹಳಬರು ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೆ ಜನ ಸಾಲುತ್ತಿಲ್ಲ. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂತ 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಹೇಳಿದ್ದು ಸುಮ್ಮನೆ ಅಲ್ಲ. ದರ್ದು ಅವರದು. 'ಫೇರೆ ಆನ್‌ವೆರ್ಬುಂಗ್ ಪ್ಫ್ಲೇಗೆ ಡಾಯ್ಚ್‌ಲಾಂಡ್' (ನರ್ಸ್‌ಗಳ ನ್ಯಾಯವಾದ ನೇಮಕಾತಿ) ಎಂಬ ಮುದ್ರೆ ಪಡೆದ ಏಜೆನ್ಸಿಗಳು ನೇಮಕಾತಿ ಖರ್ಚನ್ನು ಆಸ್ಪತ್ರೆಯಿಂದಲೇ ಪಡೆಯಬೇಕು, ನಿಮ್ಮಿಂದಲ್ಲ. ಮುದ್ರೆ ಇದೆಯಾ ನೋಡಿ.

ಆ ದುಡ್ಡು ಭಾಷೆಗೆ ಹಾಕಿ. ನರ್ಸ್ ಪರವಾನಗಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಬೇರೆ ಕೆಲಸ ಬಿಟ್ಟು ಕೂತರೂ ವರ್ಷ ಹಿಡಿಯುತ್ತೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ (ಜರ್ಮನಿಯ ಗೊಯ್ಥೆ ಸಂಸ್ಥೆಯ ಕೇಂದ್ರ) ಕಲಿಯಬಹುದು. ಗೊಯ್ಥೆ ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಪ್ರತಿಯೊಂದರಲ್ಲೂ 100ಕ್ಕೆ 60. ಒಂದು ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. (ಪಾಸಾದ ಮೇಲೂ ಸ್ಟುಟ್‌ಗಾರ್ಟ್‌ನ ಅಜ್ಜಂದಿರ ಶ್ವೇಬಿಷ್ ಆಡುಮಾತು ಅರ್ಥವಾಗಲ್ಲ, ಅದು ಬೇರೆ ಕಥೆ.)

ಊರು ಬಿಡುವ ಮುಂಚೆ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ. ಬರೀ ಮಾರ್ಕ್ಸ್ ಸಾಲದು. ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕ್ಲಿನಿಕಲ್, ಎಲ್ಲ ಬೇಕು. ಇಲ್ಲಿನ ರಾಜ್ಯ ಪ್ರಾಧಿಕಾರ ಅದನ್ನು ಜರ್ಮನ್ ಸಿಲಬಸ್ ಜೊತೆ ತಾಳೆ ನೋಡಿ, ಕೊರತೆ ಏನೇನು ಅಂತ 'ಡೆಫಿಜಿಟ್‌ಬೆಶೈಡ್' ಪತ್ರ ಕೊಡುತ್ತೆ. ಅನುಭವ ಪತ್ರದಲ್ಲೂ ವಾರ್ಡಿನ ಹೆಸರು, ಅವಧಿ ಬರೆಸಿ, ಕೊರತೆ ತುಂಬಲು ಅದೂ ಲೆಕ್ಕಕ್ಕೆ ಬರುತ್ತೆ. ಉಳಿದದ್ದಕ್ಕೆ ತರಬೇತಿ ಇಲ್ಲವೇ ಪರೀಕ್ಷೆ, ಆಯ್ಕೆ ನಿಮ್ಮದು. ಪರೀಕ್ಷೆಯಲ್ಲಿ ಫೇಲಾದರೆ ಇನ್ನೊಂದೇ ಅವಕಾಶ. ಪೂರ್ಣ ಮಾನ್ಯತೆ ಸಿಗುವವರೆಗೆ ಸಹಾಯಕರಾಗಿ ದುಡಿಯಬೇಕು, ಸಂಬಳವೂ ಕಡಿಮೆ.

ಕೆಲಸವೂ ಬೇರೆ ಥರ. ಊರಲ್ಲಿ ಐವಿ ಹಾಕುತ್ತಿದ್ದ ಕೈ ಇಲ್ಲಿ ಬೆಳಿಗ್ಗೆ ಮೊದಲು ರೋಗಿಯ ಮೈ ಒರೆಸಿ, ಕೃತಕ ಹಲ್ಲು ತೊಳೆದು, ಬ್ರೆಡ್‌ಗೆ ಬೆಣ್ಣೆ ಸವರಿ ಕೊಡುತ್ತೆ. ರಾತ್ರಿಯಿಡೀ ಪಕ್ಕದಲ್ಲಿ ಕೂರುವ ಮನೆಯವರು ಇಲ್ಲಿಲ್ಲ. ನಾಚಿಕೆ ಅನಿಸುವವರು ಈಗಲೇ ಯೋಚಿಸಿ.

ಕರಾರಿನಲ್ಲಿ 'ರ್‍ಯೂಕ್‌ತ್ಸಾಲುಂಗ್' ಅಂತ ಕಂಡರೆ ಅಲ್ಲೇ ನಿಲ್ಲಿ. ಅವಧಿಗೆ ಮುಂಚೆ ಬಿಟ್ಟರೆ ಖರ್ಚು ವಾಪಸ್ ಕಟ್ಟಬೇಕೆಂಬ ಕಲಮು ಅದು. ಎಷ್ಟು ಯೂರೋ, ಎಷ್ಟು ತಿಂಗಳು, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತಾ ಅಂತ ಇಮೇಲ್‌ನಲ್ಲೇ ಕೇಳಿ. ಉತ್ತರ ಕೊಡದಿದ್ದರೆ ಸಹಿ ಹಾಕಬೇಡಿ, ಬೇರೆ ಆಸ್ಪತ್ರೆ ನೋಡಿ.