ಬಟನ್ ಒತ್ತಿದರೂ ಪಾಡ್ ಏಳಲಿಲ್ಲ

ನಮ್ಮ ಆಫೀಸು ಪುಣೆಯ ಹಿಂಜವಡಿಯಲ್ಲಿ. ಟಿಕೆಟ್ (ಕೋರಿಕೆ) ಹಾಕಿ ಕಾಯುವ ಕಾಟ ತಂಡಗಳಿಗೆ ತಪ್ಪಲಿ ಎಂದು, ಸ್ಪಾಟಿಫೈ 2020ರಲ್ಲಿ ಓಪನ್ ಸೋರ್ಸ್ ಮಾಡಿದ ಬ್ಯಾಕ್‌ಸ್ಟೇಜ್ ಎಂಬ ಡೆವಲಪರ್ ಪೋರ್ಟಲ್‌ನಲ್ಲಿ ಒಂದು ಟೆಂಪ್ಲೇಟ್ ಮಾಡಿದೆ. ಫಾರ್ಮ್ ತುಂಬಿದರೆ ಕುಬರ್ನೆಟೀಸ್‌ನಲ್ಲಿ (ಕಂಟೇನರ್‌ಗಳಲ್ಲಿ ಆ್ಯಪ್ ಓಡಿಸುವ ವ್ಯವಸ್ಥೆ) ನೇಮ್‌ಸ್ಪೇಸ್, ಅಂದರೆ ಪ್ರತ್ಯೇಕ ಜಾಗ, ರೆಡಿ. ಆ್ಯಪ್ ಅಲ್ಲಿ ಪಾಡ್ ಎಂಬ ಘಟಕದೊಳಗೆ ಓಡುತ್ತದೆ; ಎಷ್ಟು ಪಾಡ್ ಬೇಕೆಂದು ಹೇಳುವುದು ಡಿಪ್ಲಾಯ್‌ಮೆಂಟ್.

ಮೊದಲ ದಿನವೇ ಧಾರವಾಡದ ಗೆಳೆಯ ಕೂಗಿದ: "ಏನಲೇ, ಡಿಪ್ಲಾಯ್‌ಮೆಂಟ್ ಐತಿ, ಪಾಡ್ ಒಂದೂ ಇಲ್ಲಲ್ಲೋ!"

ಲಾಗ್ ನೋಡೋಣವೆಂದರೆ ಪಾಡೇ ಇಲ್ಲ. ಅರ್ಧ ದಿನ ಸುಮ್ನೆ ಇಮೇಜ್ (ಆ್ಯಪಿನ ಪ್ಯಾಕೇಜ್) ಮೇಲೆ ಅನುಮಾನಪಟ್ಟೆ. ಕೊನೆಗೆ, ಪಾಡ್‌ಗಳನ್ನು ಸೃಷ್ಟಿಸುವ ರೆಪ್ಲಿಕಾಸೆಟ್‌ನ ಈವೆಂಟ್‌ಗಳಲ್ಲಿ ಉತ್ತರ ಸಿಕ್ಕಿತು. ಟೆಂಪ್ಲೇಟಿನಲ್ಲಿ ಸಿಪಿಯು, ಮೆಮೊರಿಗೆ ನಾನೇ ರಿಸೋರ್ಸ್‌ಕೋಟಾ (ಒಟ್ಟು ಬಳಕೆಯ ಮಿತಿ) ಹಾಕಿದ್ದೆ. ಅದಿದ್ದರೆ, ತನಗೆಷ್ಟು ಬೇಕೆಂದು ಬರೆಯದ ಪಾಡನ್ನು ಕುಬರ್ನೆಟೀಸ್ ಒಳಗೇ ಬಿಡುವುದಿಲ್ಲ.

ಯಾಮಲ್ (ಸೆಟ್ಟಿಂಗ್ ಫೈಲ್) ತಿದ್ದಿಕೊಳ್ಳಿ ಎಂದು ಎಲ್ಲ ತಂಡಗಳಿಗೂ ಹೇಳಬಹುದಿತ್ತು. ಆಮೇಲೆ ಸೆಲ್ಫ್ ಸರ್ವಿಸ್ ಎಲ್ಲಿ ಬಂತು, ಅಲ್ವಾ? ಟೆಂಪ್ಲೇಟಿಗೇ ಲಿಮಿಟ್‌ರೇಂಜ್ ಸೇರಿಸಿದೆ. ಏನೂ ಬರೆಯದಿದ್ದರೆ ಸಿಪಿಯು ಜೊತೆ 256 ಎಂಬಿ ಮೆಮೊರಿ ತಾನಾಗಿ ಸಿಗುತ್ತದೆ. ರೋಲ್‌ಔಟ್ ರೀಸ್ಟಾರ್ಟ್ ಕೊಟ್ಟೆ, ಪಾಡ್‌ಗಳು ಎದ್ದವು. ಜಾವಾ ತಂಡಕ್ಕೆ ಮಾತ್ರ ಜಾಸ್ತಿ ಬೇಕಾಯಿತು. ಈಗ ಫಾರ್ಮ್‌ನಲ್ಲೇ ಆ ಆಯ್ಕೆ ಇದೆ.