ಹಳೇ ಕಾಗದಕ್ಕೆ ಕಂದು ಚುಕ್ಕೆ ಯಾಕೆ ಬರುತ್ತದೆ?

ಟ್ರಂಕಿನಿಂದ ತೆಗೆದ ಹಳೇ ಪುಸ್ತಕ, ಜಾತಕ, ಕ್ರಯಪತ್ರ ಕಂದಾಗಿದ್ದರೆ ಒರೆಸಲು ಹೋಗುವ ಮೊದಲು ಅದು ಯಾವ ಕಂದು ಎಂದು ನೋಡಿ.

ಹಾಳೆ ಪೂರ್ತಿ ಹಳದಿಯಾಗಿ, ಅಂಚು ಕಂದಾಗಿ, ಮಡಿಸಿದರೆ ಪಟಕ್ಕನೆ ಮುರಿಯುವಂತಿದ್ದರೆ ಅದು ಕಾಗದದ ಹುಟ್ಟುಗುಣ. 1840ರ ದಶಕದಿಂದೀಚೆಗೆ ಮರ ಅರೆದು ಕಾಗದ ಮಾಡುವುದು ಶುರುವಾಯಿತು. ಮರದ ನಾರನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಾಗಿ ಕಂದುತ್ತದೆ. ಶಾಯಿ ಹರಡದಿರಲೆಂದು ಹಾಕುತ್ತಿದ್ದ ಪಟಿಕದ ಜಾತಿಯ ಲವಣ ಆಮ್ಲವಾಗಿ ಹಾಳೆಯನ್ನು ಒಳಗಿಂದಲೇ ತಿನ್ನುತ್ತದೆ. ಬಟ್ಟೆ ಚಿಂದಿಯಿಂದ ಮಾಡಿದ, ಅದಕ್ಕಿಂತ ಹಳೆಯ ಕಾಗದ ಎಷ್ಟೋ ಕಡೆ ಇನ್ನೂ ಗಟ್ಟಿಯಾಗಿದೆ.

ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಎದ್ದಿದ್ದರೆ ಕಥೆಯೇ ಬೇರೆ. ಅದು ಬೂಷ್ಟಿರಬಹುದು, ಕಾಗದದೊಳಗೆ ಸೇರಿಕೊಂಡ ಕಬ್ಬಿಣದ ಕಣವಿರಬಹುದು, ಎರಡೂ ಇರಬಹುದು. ಯಾವುದಾದರೂ ಚುಕ್ಕೆ ಏಳಲು ತೇವ ಬೇಕು. ಗಾಳಿಯ ತೇವಾಂಶ ಶೇ. 65–70 ದಾಟಿ ನಿಂತರೆ ಬೂಷ್ಟಿಗೆ ಅನುಕೂಲ. ಮಲೆನಾಡು, ಕರಾವಳಿಯ ಆಷಾಢದಲ್ಲಿ ಅದು ದಿನಗಟ್ಟಲೆ ಇಳಿಯುವುದೇ ಇಲ್ಲ. ಹಾಗಾಗಿ ಬೀರುವನ್ನು ಹೊರಗೋಡೆಗೆ ಆನಿಸಬೇಡಿ, ನಾಲ್ಕು ಬೆರಳು ಬಿಡಿ. ಪುಸ್ತಕ ಒತ್ತಿ ತುಂಬಬೇಡಿ. ಮಳೆ ಮುಗಿದ ಮೇಲೆ ಒಣ ದಿನ ನೋಡಿ ನೆರಳಿನಲ್ಲಿ ಬಿಚ್ಚಿಡಿ, ಬಿಸಿಲಿಗೆ ಬೇಡ. ನುಸಿಗುಳಿಗೆ ಹಾಕಿ ನಿಶ್ಚಿಂತೆಯಿಂದ ಇರುವವರೇ ಹೆಚ್ಚು. ಅದು ಹುಳು ದೂರವಿಡಲು ಆದೀತು, ತೇವ ಹೀರುವುದಿಲ್ಲ. ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಿಸಿ.

ಇನ್ನು ಕೆಲವು ಕಲೆ ನಾವೇ ಮಾಡುವಂಥವು. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಹಾಳೆ ತೂತಾಗುತ್ತದೆ. ಪುಸ್ತಕದೊಳಗಿಟ್ಟ ಪೇಪರ್ ಕಟಿಂಗು ಎದುರು ಪುಟದ ಮೇಲೆ ತನ್ನದೇ ಅಳತೆಯ ಕಂದು ಅಚ್ಚು ಬಿಡುತ್ತದೆ. ಸೆಲ್ಲೋಟೇಪಿನ ಅಂಟು ಹೋಗದ ಕಲೆ. ಪೂಜೆಯ ದಿನ ಪುಸ್ತಕಕ್ಕೆ ಒದ್ದೆ ಅರಿಸಿನ ಹಚ್ಚುವವರಿಗೆ ಹೇಳುವವರು ಯಾರು, ರಟ್ಟಿಗೆ ಮೇಲೊಂದು ಹೊದಿಕೆ ಹಾಕಿಯಾದರೂ ಹಚ್ಚಿ.

ಎದ್ದ ಚುಕ್ಕೆಗೆ ನಿಂಬೆರಸ, ಬ್ಲೀಚಿಂಗ್ ನೀರು ಸೋಕಿಸಲೇಬೇಡಿ. ಚುಕ್ಕೆಯ ಜೊತೆ ಹಾಳೆಯೂ ಹೋಗುತ್ತದೆ. ಬೂಷ್ಟು ಪುಡಿಯಾಗಿ ಒಣಗಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಮೆತ್ತನೆ ಬ್ರಷ್ಷಿನಿಂದ ಕೊಡವಿ. ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲಾಗದು. ನೋಂದಣಿಯಾದ ಕ್ರಯಪತ್ರವಾದರೆ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ತಂದಿಟ್ಟುಕೊಳ್ಳಿ, ಮೂಲಪತ್ರವನ್ನು ಪದೇ ಪದೇ ಬಿಚ್ಚುವುದು ತಪ್ಪುತ್ತದೆ.